ಟರ್ಬೋ ಕೆಟ್ಟಿದೆ ಎನ್ನುವ ಮುನ್ನ

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತತೊಡಗಿದಾಗ ಗಾಡಿ ಎಳೆಯುತ್ತಿಲ್ಲ ಅನ್ನಿಸಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಮೂರನೇ ಗೇರಿನಲ್ಲಿ ದಮ್ಮೇ ಇಲ್ಲ. ಹಿಂದಿನ ಲಾರಿ ಹಾರ್ನ್ ಹೊಡೆಯುತ್ತಿತ್ತು. ಎರಡನೇ ಗೇರಿಗೆ ಇಳಿಸಿ ಎಂಜಿನ್ ಜೋರಾಗಿ ತಿರುಗಿದಾಗ ಮಾತ್ರ ಸ್ವಲ್ಪ ಜೀವ ಬರುತ್ತಿತ್ತು. ನಮ್ಮದು 2007ರ ಲಾರಾ, 1.9 ಟಿಡಿಐ ಡೀಸೆಲ್. ಅಷ್ಟು ವರ್ಷ ದುಡಿದ ಗಾಡಿ. ತಪ್ಪು ಅದನ್ನು ಮಾಡಿದವರದ್ದಲ್ಲ, ವಯಸ್ಸಿನದು.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ0299 ಎಂಬ ಕೋಡ್ ಬಂತು. ‘ಟರ್ಬೋ ಹೋಗಿದೆ, ಹೊಸದು ಹಾಕಬೇಕು’ ಎಂಬ ತೀರ್ಪೂ ಬಂತು. ಆದರೆ ಆ ಕೋಡ್ ಹೇಳುವುದು ಇಷ್ಟೇ: ಎಂಜಿನ್ ಕೇಳಿದಷ್ಟು ಗಾಳಿಯ ಒತ್ತಡ ಸಿಗುತ್ತಿಲ್ಲ. ಯಾಕೆ ಸಿಗುತ್ತಿಲ್ಲ ಎಂಬುದನ್ನು ಅದು ಹೇಳುವುದಿಲ್ಲ. ಜ್ವರ ಇದೆ ಎಂದು ಥರ್ಮಾಮೀಟರ್ ತೋರಿಸಿದ ಮಾತ್ರಕ್ಕೆ ಯಾವ ಕಾಯಿಲೆ ಎಂದು ಗೊತ್ತಾಗುವುದಿಲ್ಲವಲ್ಲ, ಹಾಗೆ. ಹಾಸನದಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತಿ ಟಾರ್ಚ್ ಬಿಟ್ಟು, ‘ಟರ್ಬೋ ಬಿಚ್ಚೋದು ಕೊನೇ ಕೆಲಸ ಸಾರ್. ಮೊದ್ಲು ಪೈಪ್ ನೋಡೋಣ’ ಅಂದರು.

ಅವರು ಹೇಳಿದ್ದು ವ್ಯಾಕ್ಯೂಮ್ ಪೈಪುಗಳನ್ನು. ಒಳಗಿನ ರಂಧ್ರ ಮೂರೂವರೆ ಮಿಲಿಮೀಟರ್, ಹೊರಗೆ ಕಪ್ಪು ನೂಲಿನ ಹೆಣಿಗೆ. ಎಂಜಿನ್ನಿನ ಹಿಂದೆ ಮುಂದೆ ಬಳ್ಳಿಯಂತೆ ಹಬ್ಬಿರುತ್ತವೆ. ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವಾಗ ಥ್ರಾಟಲ್ ಹಿಂದೆ ತಾನೇ ವ್ಯಾಕ್ಯೂಮ್ ಉಂಟಾಗುತ್ತದೆ. ಡೀಸೆಲ್ಲಿನಲ್ಲಿ ಹಾಗಾಗುವುದಿಲ್ಲ. ಆದ್ದರಿಂದ ಕ್ಯಾಮ್‌ಶಾಫ್ಟ್ ತಿರುಗಿಸುವ ಪ್ರತ್ಯೇಕ ಪಂಪು ಇದೆ. ಬ್ರೇಕ್ ಬೂಸ್ಟರ್, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್, ಟರ್ಬೋ, ಮೂರೂ ಆ ಒಂದೇ ಪಂಪನ್ನು ನಂಬಿಕೊಂಡಿವೆ.

ಟರ್ಬೋಗೆ ವ್ಯಾಕ್ಯೂಮ್ ಏಕೆ? ಟರ್ಬೈನ್ ಚಕ್ರದ ಸುತ್ತ ಸಣ್ಣ ರೆಕ್ಕೆಗಳ ಒಂದು ಬಳೆ ಇದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಹೊಗೆಯ ಹರಿವೂ ಕಡಿಮೆ. ಆಗ ರೆಕ್ಕೆಗಳು ಮುಚ್ಚಿಕೊಂಡು ದಾರಿಯನ್ನು ಕಿರಿದಾಗಿಸುತ್ತವೆ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುವಂತೆ, ಇದ್ದಷ್ಟೇ ಹೊಗೆ ರಭಸದಿಂದ ಚಕ್ರಕ್ಕೆ ಬಡಿಯುತ್ತದೆ. ಈ ರೆಕ್ಕೆಗಳನ್ನು ಆಡಿಸುವುದು ಒಂದು ಕಡ್ಡಿ. ಕಡ್ಡಿಯನ್ನು ಎಳೆಯುವುದು ತಗಡಿನ ಡಬ್ಬಿಯೊಳಗಿನ ಡಯಾಫ್ರಮ್. ಡಯಾಫ್ರಮ್ಮಿಗೆ ಬಲ ಬರುವುದು ಆ ಮೂರೂವರೆ ಮಿಲಿಮೀಟರಿನ ಪೈಪಿನಿಂದ. ಎಷ್ಟು ಬಲ ಬಿಡಬೇಕು ಎಂದು ನಡುವೆ ಕೂತು ಅಳೆಯುವುದು ಎನ್75 ಎಂಬ ಕವಾಟ. ಪೈಪು ಸೋರಿದರೆ ರೆಕ್ಕೆಗಳು ತೆರೆದೇ ಉಳಿಯುತ್ತವೆ. ಟರ್ಬೋ ಗಟ್ಟಿಮುಟ್ಟಾಗಿದ್ದರೂ ಘಾಟಿಯಲ್ಲಿ ಪಿಕಪ್ ಇರುವುದಿಲ್ಲ.

ಹಳೆಯ ಟರ್ಬೋ ಪೆಟ್ರೋಲ್ ಕಾರುಗಳಲ್ಲಿ ಕಥೆ ತಿರುವುಮುರುವು. ಅಲ್ಲಿ ಹೆಚ್ಚಾದ ಹೊಗೆಯನ್ನು ಬೇರೆ ದಾರಿಗೆ ಬಿಡುವ ವೇಸ್ಟ್‌ಗೇಟ್ ಬಾಗಿಲು ಇರುತ್ತದೆ. ಸಾಮಾನ್ಯವಾಗಿ ಅದನ್ನು ತೆರೆಯುವುದು ಟರ್ಬೋ ತಾನೇ ಹುಟ್ಟಿಸಿದ ಒತ್ತಡ. ಆ ಒತ್ತಡ ಹೊತ್ತೊಯ್ಯುವ ಪೈಪು ಸೀಳಿದರೆ ಬಾಗಿಲು ತೆರೆಯುವುದಿಲ್ಲ. ಒತ್ತಡ ಏರುತ್ತಲೇ ಹೋಗುತ್ತದೆ, ಕೊನೆಗೆ ಕಂಪ್ಯೂಟರ್ ಇಂಧನ ಕಡಿತ ಮಾಡಿ ಎಂಜಿನ್ ಕಾಪಾಡಿಕೊಳ್ಳುತ್ತದೆ. ಅದೇ ಬಗೆಯ ಬಿರುಕು ಒಂದು ಕಡೆ ಗಾಡಿಯನ್ನು ಸೊರಗಿಸಿದರೆ ಇನ್ನೊಂದು ಕಡೆ ಮಿತಿ ಮೀರಿಸುತ್ತದೆ. ಆದ್ದರಿಂದ ನಿಮ್ಮ ಗಾಡಿಯಲ್ಲಿ ಯಾವ ಪೈಪು ಒತ್ತಡದ್ದು, ಯಾವುದು ವ್ಯಾಕ್ಯೂಮಿನದು ಎಂದು ತಿಳಿಯದೆ ಕೈ ಹಾಕಬಾರದು. ಇಂಥ ಪೈಪುಗಳ ವಿಷಯದಲ್ಲಿ ಜಗತ್ತಿನಲ್ಲೇ ಹೆಸರಾದ ಕಾರು ಮಾಜ್ದಾ ಆರ್‌ಎಕ್ಸ್-7ರ ಕೊನೆಯ ಪೀಳಿಗೆ. ಸರದಿಯಲ್ಲಿ ಕೆಲಸ ಮಾಡುವ ಅದರ ಎರಡು ಟರ್ಬೋಗಳಿಗೆ ಹತ್ತಾರು ಪೈಪುಗಳು. ಆ ಗೋಜಲನ್ನು ಅದರ ಅಭಿಮಾನಿಗಳು ಇಲಿಗೂಡು ಎಂದೇ ಕರೆಯುತ್ತಾರೆ.

ಹಾಸನದ ಮೇಸ್ತ್ರಿ ಮೊದಲು ಮಾಡಿದ ಕೆಲಸ ಸರಳ. ಎಂಜಿನ್ ಸ್ಟಾರ್ಟ್ ಮಾಡಲು ನನಗೆ ಹೇಳಿ, ತಾವು ಟರ್ಬೋದ ಕಡ್ಡಿಯನ್ನೇ ನೋಡುತ್ತಾ ನಿಂತರು. ಸ್ಟಾರ್ಟ್ ಆದ ಕೂಡಲೇ ಕಡ್ಡಿ ಎಳೆದುಕೊಳ್ಳಬೇಕು, ಆಫ್ ಮಾಡಿದಾಗ ಇಳಿಯಬೇಕು. ನಮ್ಮದು ಅರೆಬರೆ ಅಲುಗಿತು, ಅಷ್ಟೆ. ಆಮೇಲೆ ಡಬ್ಬಿಯ ಪೈಪು ಬಿಡಿಸಿ, ಗೇಜ್ ಇರುವ ಕೈಪಂಪು ಸಿಕ್ಕಿಸಿ ಒತ್ತಿದರು. ಕಡ್ಡಿ ನುಣ್ಣಗೆ ಮೇಲೇರಿತು. ಮುಳ್ಳು ಒಂದು ನಿಮಿಷವಾದರೂ ಇಳಿಯಲಿಲ್ಲ. ಅಂದರೆ ಡಯಾಫ್ರಮ್ ಹರಿದಿಲ್ಲ, ರೆಕ್ಕೆಗಳು ಮಸಿ ಹಿಡಿದು ಕಚ್ಚಿಕೊಂಡಿಲ್ಲ. ಹೊಸ ಟರ್ಬೋ ಖರ್ಚು ಅಲ್ಲೇ ತಪ್ಪಿತು.

ಮುಂದೆ ಪಂಪಿನ ಬಾಯಲ್ಲೇ ಗೇಜ್ ಹಿಡಿದರು. ಇಲ್ಲಿ ನಮ್ಮ ಊರುಗಳ ಎತ್ತರ ನೆನಪಿಡಬೇಕು. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗಿನ ಒತ್ತಡ ಎಷ್ಟು ಕಡಿಮೆ ಎಂಬುದನ್ನು. ಮಂಗಳೂರಿನಲ್ಲಿ 27–28 ಇಂಚು ತೋರಿಸುವ ಪಂಪು, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹತ್ತಿರಹತ್ತಿರ ಮೂರು ಇಂಚು ಕಡಿಮೆ ತೋರಿಸುತ್ತದೆ. ಹಾಸನವೂ ಹೆಚ್ಚುಕಡಿಮೆ ಅದೇ ಎತ್ತರ. ಸಮುದ್ರಮಟ್ಟದ ಅಂಕಿ ಹಿಡಿದುಕೊಂಡು ಇಲ್ಲಿ ಒಳ್ಳೆಯ ಪಂಪನ್ನು ಬಿಸಾಡುವುದು ಅನ್ಯಾಯ. ನಮ್ಮ ಪಂಪು 24 ದಾಟಿತು. ಅದೂ ಸರಿಯಿದೆ. ಇನ್ನು ಉಳಿದದ್ದು ನಡುವಿನ ಪೈಪುಗಳು.

ಕಣ್ಣಿಗೆ ಎಲ್ಲವೂ ಚೆನ್ನಾಗಿಯೇ ಇದ್ದವು. ನೂಲಿನ ಹೆಣಿಗೆಯ ಕೇಡೇ ಅದು, ಒಳಗಿನ ರಬ್ಬರಿನ ಬಿರುಕನ್ನು ಮುಚ್ಚಿಡುತ್ತದೆ. ಎನ್75ರಿಂದ ಟರ್ಬೋಗೆ ಹೋಗುವ ಪೈಪಿನ ತುದಿಯನ್ನು ಮೇಸ್ತ್ರಿ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಬಾಗಿಸಿದರು. ನೂಲು ಅಗಲವಾಯಿತು. ಅದರ ಸಂದಿಯಲ್ಲಿ ಬೇಸಿಗೆಯ ಕೆರೆಯಂಗಳದಂತೆ ಒಡೆದ ರಬ್ಬರ್ ಕಂಡಿತು. ಮೂತಿಯ ಮೇಲೆ ಕೂರುವ ಒಂದು ಸೆಂಟಿಮೀಟರ್ ಯಾವಾಗಲೂ ಹಿಗ್ಗಿಕೊಂಡೇ ಇರುತ್ತದೆ, ಜೊತೆಗೆ ಟರ್ಬೋದ ಕಾವು. ಮೊದಲು ಸಾಯುವುದು ಆ ತುದಿಯೇ. ಇನ್ನೊಂದು ಪೈಪನ್ನು ಇಲಿ ಕಡಿದಿತ್ತು. ಗದ್ದೆ ಬದಿಯ ಮನೆಗಳಲ್ಲಿ ಕಾರು ನಿಲ್ಲಿಸುವವರು ಆಗಾಗ ಬಾನೆಟ್ ಎತ್ತಿ ನೋಡುವುದು ಒಳ್ಳೆಯದು.

ತುದಿಯಷ್ಟೇ ಕತ್ತರಿಸಿ ಮತ್ತೆ ಸಿಕ್ಕಿಸಿದರೆ ಆ ಹೊತ್ತಿಗೆ ನಡೆಯುತ್ತದೆ. ಆದರೆ ಉಳಿದವೂ ಅದೇ ವಯಸ್ಸಿನವು. ಎಲ್ಲ ಬದಲಿಸೋಣ ಎಂದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾಲ್ಕು ಮೀಟರ್ ಕೊಂಡೆ. ಅಂಗಡಿಯಲ್ಲಿ ಮೊದಲು ಕೊಟ್ಟದ್ದು ನೀಲಿ ಸಿಲಿಕೋನ್ ಪೈಪು. ಸಿಲಿಕೋನ್ ಕಾವು ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಎಣ್ಣೆಯ ಪಸೆಗೆ ಉಬ್ಬುತ್ತದೆ, ಗೋಡೆ ತೆಳುವಾದರೆ ವ್ಯಾಕ್ಯೂಮಿಗೆ ಒಳಕ್ಕೆ ಅಮರಿಕೊಂಡು ದಾರಿ ಮುಚ್ಚುತ್ತದೆ. ನೈಟ್ರೈಲ್ ರಬ್ಬರ್ ಎಣ್ಣೆಗೆ ಹೆದರುವುದಿಲ್ಲ, ಟರ್ಬೋದ ಪಕ್ಕದ ಕಾವಿಗೆ ಬೇಗ ಗಡುಸಾಗುತ್ತದೆ. ಎರಡನ್ನೂ ತಡೆಯುವುದು ವೈಟನ್, ಬೆಲೆ ಜಾಸ್ತಿ. ನಾನು ಟರ್ಬೋ ಹತ್ತಿರದ ತುಂಡಿಗೆ ವೈಟನ್ ಹಾಕಿಸಿದೆ, ಉಳಿದದ್ದಕ್ಕೆ ಮೊದಲಿದ್ದಂಥದೇ ನೂಲು ಹೆಣೆದ ರಬ್ಬರ್. ಪೈಪು ಕೊಳ್ಳುವಾಗ ಒಳಗಿನ ಅಳತೆಯನ್ನೇ ಕೇಳಿ. ನಾಲ್ಕು ಮಿಲಿಮೀಟರಿನದು ಮೂತಿಗೆ ಸುಲಭವಾಗಿ ಕೂರುತ್ತದೆ, ಅಷ್ಟೇ ಸುಲಭವಾಗಿ ಸೋರುತ್ತದೆ.

ಬದಲಿಸುವಾಗ ಒಂದು ಸಲಕ್ಕೆ ಒಂದೇ ಪೈಪು. ಇದೊಂದು ವಿಷಯದಲ್ಲಿ ಅವಸರ ಮಾಡಲೇಬೇಡಿ. ಹಳೆಯದನ್ನು ತೆಗೆದು ಪಕ್ಕದಲ್ಲಿಟ್ಟು ಅಷ್ಟೇ ಉದ್ದದ ಹೊಸದನ್ನು ಕತ್ತರಿಸಿ ಸಿಕ್ಕಿಸಿ, ಆಮೇಲೆ ಮುಂದಿನದು. ಎನ್75ಕ್ಕೆ ಮೂರು ಮೂತಿ: ಪಂಪಿನಿಂದ ಬರುವುದು, ಟರ್ಬೋಗೆ ಹೋಗುವುದು, ಸೋಸಿದ ಗಾಳಿ ತರುವುದು. ಒಂದಕ್ಕೊಂದು ಅದಲುಬದಲಾದರೆ ಹೊಸ ಪೈಪಿನಲ್ಲೂ ಹಳೆಯ ತೊಂದರೆಯೇ. ಮೂತಿಗಳೂ ಮುದಿಯಾದ ಪ್ಲಾಸ್ಟಿಕ್, ಇಕ್ಕಳ ಹಾಕಿ ಜಗ್ಗಿದರೆ ಕಡ್ಡಿಯಂತೆ ಮುರಿಯುತ್ತವೆ. ಪೈಪನ್ನು ತಿರುವಿ ಸಡಿಲಿಸಬೇಕು. ಬಾರದಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸುಲಿಯಬೇಕು. ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಕವಾಟಗಳ ಮೇಲೆ ಬಾಣದ ಗುರುತಿರುತ್ತದೆ, ಬಿಚ್ಚುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ಬ್ರೇಕ್ ಬೂಸ್ಟರಿನ ದಪ್ಪ ಪೈಪಿನಲ್ಲಿ ಸಂಶಯ ಬಂದರೆ, ಪೆಡಲ್ ಗಟ್ಟಿಯಾಗಿದ್ದರೆ, ಗಾಡಿ ಓಡಿಸಬೇಡಿ. ಅದು ಪಿಕಪ್ಪಿನ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ಇಜಿಆರ್ ಪೈಪಿಗೆ ಬೋಲ್ಟ್ ತುರುಕಿ ಮುಚ್ಚಿಬಿಡುವ ಅಭ್ಯಾಸ ಅನೇಕ ಕಡೆ ಇದೆ. ಓಡಿಸುವವರಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಆದರೆ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡುಗಳು ಏರುತ್ತವೆ, ಅದನ್ನು ಉಸಿರಾಡುವುದು ಹಿಂದಿನ ಬೈಕಿನಲ್ಲಿರುವ ಮಗು. ನಮ್ಮ ಗಾಡಿಯಲ್ಲೂ ಯಾರೋ ಹಾಗೆ ಮುಚ್ಚಿದ್ದರು. ಮೇಸ್ತ್ರಿ ಬೋಲ್ಟ್ ಕಿತ್ತು ಹೊಸ ಪೈಪು ಹಾಕಿಕೊಟ್ಟರು.

ಮುಂದಿನ ವಾರ ಅದೇ ಘಾಟಿ. ಮಾರನಹಳ್ಳಿಯ ಏರಿನಲ್ಲಿ, ಮೂರನೇ ಗೇರಿನಲ್ಲೇ, ಮುಳ್ಳು 1,800 ಮುಟ್ಟುವಷ್ಟರಲ್ಲಿ ಬೆನ್ನು ಸೀಟಿಗೆ ಒತ್ತಿತು. ಪಕ್ಕದಲ್ಲಿದ್ದ ಅಮ್ಮ ‘ಈಗ ಸರಿಯಾಯ್ತಲ್ಲ ಮಗಾ’ ಅಂದರು. ಯಾವ ಪೈಪು ಎಲ್ಲಿಂದ ಎಲ್ಲಿಗೆ ಎಂಬ ಚಿತ್ರವನ್ನೂ ಬದಲಿಸಿದ ತಾರೀಖನ್ನೂ ಬರೆದು ಸರ್ವಿಸ್ ಪುಸ್ತಕದಲ್ಲಿ ಇಟ್ಟಿದ್ದೇನೆ. ಅದರಲ್ಲಿ ತಾರೀಖಿಲ್ಲದೆ ಉಳಿದಿರುವುದು ಏರ್ ಫಿಲ್ಟರಿನಿಂದ ಎನ್75ಕ್ಕೆ ಬರುವ ಪೈಪು ಒಂದೇ. ಅದರಲ್ಲಿ ವ್ಯಾಕ್ಯೂಮ್ ಇಲ್ಲ, ಬಿರುಕಾದರೆ ದೂಳು ಹೋಗಿ ಕವಾಟ ಕೆಡುತ್ತದೆ. ದೀಪಾವಳಿ ರಜೆಯಲ್ಲಿ ಅದನ್ನು ನಾನೇ ಹಾಕುತ್ತೇನೆ.