ಸಗಣಿಯ ಲೆಕ್ಕ

ಒಂದು ಕಿಲೋ ಸಗಣಿ ಗೋಬರ್ ಗ್ಯಾಸ್ ಗುಂಡಿಗೆ ಬಿದ್ದರೆ ಸುಮಾರು 40 ಲೀಟರ್ ಅನಿಲ ಹುಟ್ಟುತ್ತದೆ. ಒಂದು ಲೀಟರ್ ನೀರು ಕುದಿಸಲು ಅಷ್ಟು ಸಾಕು.

ಈಗ 2019ರ ಜಾನುವಾರು ಗಣತಿ ತೆಗೆದು ನೋಡಿ. ದೇಶದಲ್ಲಿ ದನಗಳು 19 ಕೋಟಿಗೂ ಹೆಚ್ಚು, ಎಮ್ಮೆ ಕೋಣಗಳು ಹತ್ತಿರ ಹತ್ತಿರ 11 ಕೋಟಿ. ತಲಾ ಹತ್ತು ಕಿಲೋ ಎಂದು ಹಿಡಿದರೂ ದಿನಕ್ಕೆ 30 ಲಕ್ಷ ಟನ್ ಸಗಣಿ! ಹತ್ತು ಟನ್ ಹೊರುವ ಲಾರಿಗಳಿಗೆ ತುಂಬಿದರೆ ಇವತ್ತಿಗೆ ಮೂರು ಲಕ್ಷ ಲಾರಿ, ನಾಳೆ ಬೆಳಗಾದರೆ ಮತ್ತೆ ಮೂರು ಲಕ್ಷ.

ಅಷ್ಟೂ ಗುಂಡಿ ಸೇರಿತು ಎಂದುಕೊಳ್ಳೋಣ. ದಿನಕ್ಕೆ 12 ಕೋಟಿ ಘನ ಮೀಟರ್ ಅನಿಲ. ಶಾಖದ ಲೆಕ್ಕದಲ್ಲಿ ಒಂದು ಘನ ಮೀಟರು ಸುಮಾರು 450 ಗ್ರಾಂ ಎಲ್‌ಪಿಜಿಗೆ ಸಮ. ಹಾಗಾದರೆ ದಿನಕ್ಕೆ 38 ಲಕ್ಷ ಸಿಲಿಂಡರು, ವರ್ಷಕ್ಕೆ 2 ಕೋಟಿ ಟನ್. ಇಡೀ ದೇಶ ವರ್ಷವಿಡೀ ಉರಿಸುವ ಎಲ್‌ಪಿಜಿ 3 ಕೋಟಿ ಟನ್ನಿನ ಆಸುಪಾಸು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಹೊರಗಿನಿಂದ ಬರುತ್ತದೆ. ಮೇಯಲು ಹೋದ ದನದ ಸಗಣಿ ಬಯಲಲ್ಲೇ ಉಳಿಯುತ್ತದೆ, ಒಂದು ಪಾಲು ಬೆರಣಿಗೆ ಹೋಗುತ್ತದೆ, ನಿಜ. ಅರ್ಧ ಬಿಟ್ಟುಕೊಟ್ಟರೂ ಒಂದು ಕೋಟಿ ಟನ್ ಉಳಿಯುತ್ತದೆ.

ಇಷ್ಟನ್ನೂ ಮಾಡುವ ಸೂಕ್ಷ್ಮಜೀವಿಗಳ ವಂಶಕ್ಕೆ 300 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಭೂಮಿಯ ಗಾಳಿಯಲ್ಲಿ ಆಮ್ಲಜನಕ ತುಂಬುವ ಮೊದಲೇ ಅವು ಇಲ್ಲಿದ್ದವು. ಆಮ್ಲಜನಕ ಅವಕ್ಕೆ ವಿಷ. ಹಾಗಾಗಿ ಕೆಸರಿನ ತಳಕ್ಕೆ ಸರಿದವು, ಮುಂದೆ ದನದ ಹೊಟ್ಟೆಯನ್ನೂ ಸೇರಿದವು. ಗುಂಡಿಯ ಮೇಲಿನ ಡೋಮನ್ನು ಗಾಳಿಯಾಡದಂತೆ ಕಟ್ಟುವುದು ಅವುಗಳಿಗಾಗಿಯೇ. ತಿಂಗಳು, ಒಂದೂವರೆ ತಿಂಗಳು ಕೊಳೆಸಿ, ಮೀಥೇನ್ ಬಿಟ್ಟುಕೊಟ್ಟು, ಸಾರಜನಕವನ್ನು ಹಾಗೆಯೇ ಸ್ಲರಿಯಲ್ಲಿ ಉಳಿಸುತ್ತವೆ. ಒಲೆಗೂ ಆಯಿತು, ತೋಟಕ್ಕೂ ಆಯಿತು.

ತುಮಕೂರು ಜಿಲ್ಲೆಯ ಪುರ ಎಂಬ ಪುಟ್ಟ ಹಳ್ಳಿ ಇದನ್ನು 1980ರ ದಶಕದಲ್ಲೇ ಮಾಡಿ ತೋರಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮತ್ತು ಅವರ ‘ಅಸ್ತ್ರ’ ತಂಡ ಜೊತೆಗಿತ್ತು. ಮನೆಮನೆಯ ಸಗಣಿಯಿಂದ ಎಂಜಿನ್ ಓಡಿತು, ದೀಪ ಉರಿಯಿತು, ಕೊಳವೆಬಾವಿಯ ನೀರು ನಲ್ಲಿಗೆ ಬಂತು. ಸಗಣಿ ಕೊಟ್ಟವರು ಸ್ಲರಿಯನ್ನು ಹೊಲಕ್ಕೆ ಒಯ್ದರು. ನಗರದ ಪ್ರಮಾಣ ನೋಡಬೇಕೆಂದರೆ ಇಂದೋರಿಗೆ ಹೋಗಬೇಕು. 2022ರಲ್ಲಿ ಶುರುವಾದ ಅಲ್ಲಿನ ಘಟಕ ದಿನಕ್ಕೆ 550 ಟನ್ ಹಸಿ ಕಸ ನುಂಗಿ 17 ಟನ್ ಸಿಎನ್‌ಜಿ ಕೊಡುವ ಸಾಮರ್ಥ್ಯದ್ದು.

ತೆರೆದ ತಿಪ್ಪೆಯ ಒದ್ದೆ ತಳದಲ್ಲೂ ಮೀಥೇನ್ ಹುಟ್ಟುತ್ತದೆ, ಆದರೆ ಆಕಾಶಕ್ಕೆ ಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಭೂಮಿಯನ್ನು ಕಾಯಿಸುತ್ತದೆ. ನಿಮ್ಮ ಕೊಟ್ಟಿಗೆಯಲ್ಲಿ ಐದು ದನಗಳಿದ್ದರೆ ದಿನಕ್ಕೆ 2 ಘನ ಮೀಟರ್ ಅನಿಲ ಕೊಡುವ ಗುಂಡಿಗೆ ಬೇಕಾದಷ್ಟು ಸಗಣಿ ಈಗಾಗಲೇ ಇದೆ. ದಯವಿಟ್ಟು ಕಟ್ಟಿಸಿ.