‘ಟೇಕ್ ಫಾರ್ ಗ್ರಾಂಟೆಡ್’ ಎಂಬ ನುಡಿಗಟ್ಟು

ಆಂಗ್ಲಭಾಷೆಯನ್ನಾಡುವವರ ಬಾಯಲ್ಲಿ ಪದೇಪದೇ ಬರುವ ನುಡಿಗಟ್ಟುಗಳಲ್ಲಿ ‘ಟೇಕ್ ಫಾರ್ ಗ್ರಾಂಟೆಡ್’ ಎಂಬುದೊಂದು. ಈಚೆಗೆ ಇದು ನಮ್ಮ ತರುಣರ ಕನ್ನಡದೊಳಗೂ ಸೇರಿಕೊಂಡಿದೆ. ಒಪ್ಪಿ ಕೊಟ್ಟದ್ದೆಂದು ಭಾವಿಸಿ ತೆಗೆದುಕೊಳ್ಳುವುದು ಎಂಬುದು ಇದರ ಅಕ್ಷರಾರ್ಥ. ವಾದದಲ್ಲಿ ಪ್ರತಿವಾದಿಯು ಒಪ್ಪಿಕೊಟ್ಟ ಮಾತನ್ನು ಪುನಃ ಸಾಧಿಸಬೇಕಾದುದಿಲ್ಲವಷ್ಟೆ.

ಈ ನುಡಿಗಟ್ಟಿಗೆ ಎರಡು ಪ್ರಯೋಗಗಳುಂಟು. ಸಂಗತಿಯೊಂದನ್ನು ಕುರಿತು ಹೇಳಿದಾಗ, ಪ್ರಮಾಣವನ್ನು ಕೇಳದೆ ಅದನ್ನು ನಿಜವೆಂದು ಇಟ್ಟುಕೊಳ್ಳುವುದು ಎಂದರ್ಥ. ನಾಳೆಯೂ ನಲ್ಲಿಯಲ್ಲಿ ನೀರು ಬರುವುದೆಂದು ನಾವು ನಂಬಿರುವಂತೆ. ವ್ಯಕ್ತಿಯೊಬ್ಬರನ್ನು ಕುರಿತು ಹೇಳಿದಾಗಲಾದರೋ ಅದು ದೂರಾಗುತ್ತದೆ. ‘ಮನೆಯವರು ನನ್ನನ್ನು ಹಾಗೆ ತೆಗೆದುಕೊಂಡುಬಿಟ್ಟಿದ್ದಾರೆ’ ಎಂದು ಆಂಗ್ಲ ಗೃಹಿಣಿಯೊಬ್ಬಳು ಹೇಳಿದರೆ, ತನ್ನ ದುಡಿಮೆ ಎಂದಿಗೂ ಇದ್ದೇ ಇರುವುದೆಂದೆಣಿಸಿ ಅದರ ಬೆಲೆಯನ್ನು ಮರೆತಿದ್ದಾರೆ ಎಂಬುದು ಅವಳ ಇಂಗಿತ.

‘ಗ್ರಾಂಟ್’ ಶಬ್ದವು ಹಳೆಯ ಫ್ರೆಂಚ್ ಭಾಷೆಯ ಮೂಲಕ ಬಂದುದು. ನಂಬು ಎಂಬರ್ಥದ ಲ್ಯಾಟಿನ್ ‘ಕ್ರೇದೆರೆ’ ಅದರ ಮೂಲ. ಈ ‘ಕ್ರೇದೆರೆ’ಯೂ ನಮ್ಮ ‘ಶ್ರದ್ಧಾ’ ಶಬ್ದವೂ ಸಜಾತೀಯವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಆ ಭಾಷಿಕರಲ್ಲೇ ಕೆಲವರು ಉಚ್ಚಾರಸಾಮ್ಯದಿಂದ ‘ಗ್ರಾಂಟೆಡ್’ ಎಂಬಲ್ಲಿ ಗ್ರಾನೈಟ್ ಕಲ್ಲಿನ ಹೆಸರನ್ನು ಬರೆದುಬಿಡುವುದುಂಟು. ತಪ್ಪು ತಪ್ಪೇ, ಆದರೂ ಪರೀಕ್ಷಿಸದ ನಂಬಿಕೆ ಮನಸ್ಸಿನಲ್ಲಿ ಕಲ್ಲಿನಂತೆ ಕುಳಿತುಕೊಳ್ಳುವುದೇನೋ ದಿಟ.

ನಮ್ಮ ತರ್ಕಶಾಸ್ತ್ರಕ್ಕೆ ಈ ವಿಷಯವು ಹೊಸದಲ್ಲ. ಗೌತಮನ ನ್ಯಾಯಸೂತ್ರಗಳಲ್ಲಿ ಸಿದ್ಧಾಂತವನ್ನು 4 ಬಗೆಯಾಗಿ ವಿಂಗಡಿಸಿದೆ. ಅವುಗಳಲ್ಲಿ ಕೊನೆಯದು ಅಭ್ಯುಪಗಮಸಿದ್ಧಾಂತ: ಪರೀಕ್ಷಿಸದಿರುವ ಒಂದು ಮಾತನ್ನು ಸದ್ಯಕ್ಕೆ ಒಪ್ಪಿಕೊಂಡು, ಅದರ ವಿಶೇಷವನ್ನು ವಿಚಾರಿಸುವುದು. ಶಬ್ದವು ದ್ರವ್ಯವೇ ಆಗಿರಲಿ, ಅದು ನಿತ್ಯವೋ ಅನಿತ್ಯವೋ ನೋಡೋಣ ಎಂಬುದು ಭಾಷ್ಯಕಾರನಾದ ವಾತ್ಸ್ಯಾಯನನು ಕೊಡುವ ಉದಾಹರಣೆ. ನೈಯಾಯಿಕರ ಮತದಲ್ಲಿ ಶಬ್ದವು ಗುಣವೇ ಹೊರತು ದ್ರವ್ಯವಲ್ಲ. ಹಾಗಿದ್ದರೂ ವಾದಕ್ಕಾಗಿ ಒಪ್ಪುತ್ತಾರೆ. ಒಪ್ಪಿದ್ದೇವೆ ಎಂಬ ಎಚ್ಚರವು ಮಾತ್ರ ಅವರಿಗೆ ತಪ್ಪುವುದಿಲ್ಲ.

ಎಚ್ಚರವು ತಪ್ಪಿದರೇನಾಗುವುದೆಂಬುದಕ್ಕೆ ರೇಖಾಗಣಿತವೇ ಸಾಕ್ಷಿ. ಕ್ರಿ. ಪೂ. 300ರ ಸುಮಾರಿನ ಯೂಕ್ಲಿಡನು ತನ್ನ ಗ್ರಂಥದ ಮೊದಲಲ್ಲಿ 5 ಮಾತುಗಳನ್ನು ಒಪ್ಪಿಕೊಡಿರೆಂದು ಓದುಗರನ್ನು ಕೇಳಿಕೊಂಡನು. ರೇಖೆಯ ಹೊರಗಿನ ಬಿಂದುವೊಂದರ ಮೂಲಕ ಆ ರೇಖೆಗೆ ಒಂದೇ ಸಮಾಂತರ ರೇಖೆಯನ್ನು ಎಳೆಯಬಹುದೆಂಬುದು ಐದನೆಯದರ ಸಾರ. ಇದನ್ನು ಉಳಿದ ಮಾತುಗಳಿಂದಲೇ ಸಾಧಿಸಲು ಪಂಡಿತರು ಶತಮಾನಗಳ ಕಾಲ ಹೆಣಗಿದರು. ಅದು ಬೇರೆಯಾಗಿದ್ದೀತೆಂದು ಶಂಕಿಸಿದವರು ವಿರಳ. ಕಡೆಗೆ 1829ರಲ್ಲಿ ರಷ್ಯದ ಲೊಬಚೆವ್‌ಸ್ಕಿಯೂ 1832ರಲ್ಲಿ ಹಂಗೇರಿಯ ಬೊಲ್ಯಾಯ್ ಎಂಬುವನೂ ಅದನ್ನು ಬಿಟ್ಟೂ ಸುಸಂಗತವಾದ ರೇಖಾಗಣಿತವುಂಟೆಂದು ಪ್ರಕಟಿಸಿದರು. ಯೂಕ್ಲಿಡನು ಬೇಡಿ ಪಡೆದುದನ್ನು ಮುಂದಿನವರು ತಮ್ಮ ಸ್ವಂತ ಸೊತ್ತೆಂದೇ ತಿಳಿದಿದ್ದರು.

ಮನೆಯಲ್ಲಿ ನಡೆಯುವುದೂ ಇದೇ. ಬೆಳಗ್ಗೆ ಎದ್ದವರಿಗೆಲ್ಲ ಕಾಫಿ ಸಿದ್ಧವಾಗಿರುತ್ತದೆ. ಮಗುವಿಗೆ ಜ್ವರ ಬಂದ ರಾತ್ರಿ ಯಾರೋ ಎಚ್ಚರವಾಗಿರುತ್ತಾರೆ. ‘ಹಿತ್ತಲ ಗಿಡ ಮದ್ದಲ್ಲ’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಗಣಿತದಲ್ಲಿ ಆಧಾರವೊಂದನ್ನು ಬದಲಿಸಿದರೆ ಹೊಸ ಗಣಿತವಾದರೂ ಹುಟ್ಟುತ್ತದೆ. ಸಂಸಾರದಲ್ಲಿ ಆಧಾರವಾದವರು ಒಂದು ದಿನ ದಣಿದು ಕುಳಿತರೆ ಆ ಸ್ಥಾನವನ್ನು ತುಂಬುವವರಿಲ್ಲ.

ಆದುದರಿಂದ ವಾಚಕರು ಈ ನುಡಿಗಟ್ಟನ್ನು ಬಳಸುವಾಗ ಅದರೊಳಗಿನ ‘ಕೊಟ್ಟದ್ದು’ ಎಂಬ ಮಾತನ್ನು ಮರೆಯದಿರಲಿ. ಕೊಟ್ಟವರು ಯಾರು, ಅವರನ್ನು ನಾವು ಕೇಳಿದೆವೆ, ಅವರು ಈಗಲೂ ಮನಸಾರೆ ಕೊಡುತ್ತಿರುವರೆ ಎಂಬ ಮೂರು ಪ್ರಶ್ನೆಗಳನ್ನು ಈ ಸಂಜೆ ಊಟಕ್ಕೆ ಕುಳಿತಾಗ ಹಾಕಿಕೊಳ್ಳಬಹುದು. ಉತ್ತರವನ್ನು ಬಡಿಸುವವರಿಂದಲೇ ಕೇಳಿ ತಿಳಿಯುವುದು ಮೇಲು.