ಪ್ಲಾಟಿಪಸ್ ದರ್ಶನ ಒಲಿದ ಬಗೆ

ಆಸ್ಟ್ರೇಲಿಯಾದ ಮೃಗಾಲಯಗಳಲ್ಲಿ ಕಾಂಗರೂ ನೋಡಲು ಕಾಯಬೇಕಿಲ್ಲ, ಬೇಲಿಯ ಬಳಿ ನಿಂತರೆ ಸಾಕು. ಪ್ಲಾಟಿಪಸ್ ಹಾಗಲ್ಲ. ಮೆಲ್ಬರ್ನ್‌ನಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಹೀಲ್ಸ್‌ವಿಲ್ ವನ್ಯಧಾಮದಲ್ಲಿ ಅದನ್ನು ಕಾಣಲು ಹಾಡಹಗಲೇ ಮಬ್ಬುಗತ್ತಲ ಕೋಣೆಯೊಳಗೆ ಹೋಗಬೇಕು. ಇಷ್ಟು ಸಾಧ್ಯವಾಗುವುದಕ್ಕೂ ದಶಕಗಳೇ ಹಿಡಿದವು.

ಮೊಟ್ಟೆ ಇಟ್ಟು ಮರಿಗೆ ಹಾಲೂಡಿಸುವ ಈ ಪ್ರಾಣಿ ಹಗಲನ್ನು ಹೊಳೆದಂಡೆಯ ಬಿಲದಲ್ಲಿ ಕಳೆಯುತ್ತದೆ. ಕತ್ತಲಾದ ಮೇಲೆ ನೀರಿಗಿಳಿದು ಕಣ್ಣು, ಕಿವಿ, ಮೂಗು ಮೂರನ್ನೂ ಮುಚ್ಚಿಕೊಳ್ಳುತ್ತದೆ. ಹುಳು, ಸೀಗಡಿಗಳ ಸ್ನಾಯುಗಳಿಂದ ಹೊಮ್ಮುವ ಕ್ಷೀಣ ವಿದ್ಯುತ್ತನ್ನು ಕೊಕ್ಕಿನಿಂದಲೇ ಗ್ರಹಿಸಿ ಬೇಟೆಯಾಡುತ್ತದೆ. ಹಿಡಿದು ತಂದು ತೊಟ್ಟಿಯಲ್ಲಿ ಬಿಟ್ಟರೆ ಹೆಚ್ಚು ದಿನ ಉಳಿಯುತ್ತಿರಲಿಲ್ಲ.

ಮೊದಲ ದಾರಿ ತೋರಿಸಿದವರು ಹ್ಯಾರಿ ಬರೆಲ್. ನೀರಿನ ತೊಟ್ಟಿಗೆ ಇಕ್ಕಟ್ಟಾದ ಸುರಂಗಗಳನ್ನು ಜೋಡಿಸಿ ಅವರು ಕೃತಕ ಬಿಲವೊಂದನ್ನು ಕಟ್ಟಿದರು. 1910ರಲ್ಲಿ ಸಿಡ್ನಿಯ ಮೂರ್ ಪಾರ್ಕ್ ಮೃಗಾಲಯದಲ್ಲಿ ಜನ ಜೀವಂತ ಪ್ಲಾಟಿಪಸ್ ಕಂಡರು. 1922ರಲ್ಲಿ ನ್ಯೂಯಾರ್ಕಿಗೆ ಹಡಗು ಹತ್ತಿದ ಐದರಲ್ಲಿ ಜೀವಸಹಿತ ತಲುಪಿದ್ದು ಒಂದೇ. ಬ್ರಾಂಕ್ಸ್ ಮೃಗಾಲಯದಲ್ಲಿ ಅದು ಬದುಕಿದ್ದು ಸುಮಾರು ಏಳು ವಾರ.

ಹೀಲ್ಸ್‌ವಿಲ್ ಶುರುವಾದದ್ದು ಪ್ರದರ್ಶನಕ್ಕಾಗಿಯೇ ಅಲ್ಲ. 1920ರಲ್ಲಿ ಅಂಗರಚನಾ ವಿಜ್ಞಾನಿ ಕಾಲಿನ್ ಮೆಕೆಂಜಿ ಅಲ್ಲಿ ಸಂಶೋಧನಾ ಕೇಂದ್ರ ತೆರೆದರು. ಅದಕ್ಕೆ ಸಿಕ್ಕ ನೆಲ ಕೊರಾಂಡರ್ಕ್ ಮೂಲನಿವಾಸಿಗಳ ವಸಾಹತಿನ ಒಂದು ಭಾಗ. ನಾಲ್ಕೇ ವರ್ಷಗಳಲ್ಲಿ ಆ ವಸಾಹತೂ ಮುಚ್ಚಿತು, ಬಹುತೇಕ ಜನರನ್ನು ದೂರದ ಲೇಕ್ ಟೈಯರ್ಸ್‌ಗೆ ಕಳುಹಿಸಲಾಯಿತು. ಸಂಶೋಧನಾ ಕೇಂದ್ರ 1934ರಲ್ಲಿ ಸಾರ್ವಜನಿಕ ವನ್ಯಧಾಮವಾಯಿತು.

1937ರಲ್ಲಿ ಅದರ ಹೊಣೆ ಹೊತ್ತ ಡೇವಿಡ್ ಫ್ಲೇ ಪ್ರಾಣಿಯ ಮರ್ಜಿ ಅರಿತು ಮನೆ ಕಟ್ಟಿದರು. ಈಜಲು ಕೊಳ, ಬಿಲ ತೋಡಲು ಮಣ್ಣಿನ ದಂಡೆ, ದಿನವೂ ರಾಶಿ ಎರೆಹುಳು. 1943ರಲ್ಲಿ ಜಾಕ್ ಮತ್ತು ಜಿಲ್ ಎಂಬ ಜೋಡಿಗೆ ಕೋರಿ ಎಂಬ ಮರಿ ಹುಟ್ಟಿತು. ಮನುಷ್ಯರ ಆರೈಕೆಯಲ್ಲಿ ಪ್ಲಾಟಿಪಸ್ ಸಂತಾನ ಕಂಡದ್ದು ಅದೇ ಮೊದಲು. ಅದೇ ವರ್ಷ ಬ್ರಿಟನ್ ಪ್ರಧಾನಿ ಚರ್ಚಿಲ್ ಅವರ ಕೋರಿಕೆಯಂತೆ ಫ್ಲೇ ಕಳುಹಿಸಿದ ಪ್ಲಾಟಿಪಸ್ ಮಾತ್ರ ಹಡಗಿನಲ್ಲೇ ಸತ್ತಿತು. ಜಲಾಂತರ್ಗಾಮಿಗಳ ವಿರುದ್ಧ ಸಿಡಿಸಿದ ಬಾಂಬುಗಳ ಆಘಾತವೇ ಕಾರಣವೆಂದು ಬಹುಕಾಲ ನಂಬಿದ್ದರು. ಉಷ್ಣವಲಯ ದಾಟುವಾಗಿನ ಸೆಕೆಯೇ ಅದನ್ನು ಬಲಿ ತೆಗೆದುಕೊಂಡಿರಬೇಕೆಂದು ಹಡಗಿನಲ್ಲಿ ಬರೆದಿಟ್ಟ ದಿನಚರಿ ಈಚೆಗೆ ಸೂಚಿಸಿದೆ.

ಕೋರಿಯ ನಂತರ ಹೀಲ್ಸ್‌ವಿಲ್‌ನಲ್ಲಿ ಮತ್ತೆ ಮರಿಗಳಾಗುವಷ್ಟರಲ್ಲಿ 1990ರ ದಶಕ ಮುಗಿಯುತ್ತ ಬಂದಿತ್ತು. ಹಾಗಾಗಿ ಆಸ್ಟ್ರೇಲಿಯಾದ ಹೊರಗೆ ಇವು ಅಪರೂಪ. ಸಿಡ್ನಿಯ ಟರೋಂಗಾ ಮೃಗಾಲಯದಿಂದ 2019ರಲ್ಲಿ ಹೋದ ಎರಡನ್ನು ಅಮೆರಿಕದ ಸ್ಯಾನ್ ಡಿಯಾಗೊ ಜೋಪಾನ ಮಾಡಿತು.

ಜನರಿಗೆ ತೋರಿಸಲೆಂದು ಕಲಿತ ಈ ವಿದ್ಯೆ ಈಗ ಪ್ರಾಣಿಯ ನೆರವಿಗೇ ಬಂದಿದೆ. 2019ರ ಕೊನೆಯಲ್ಲಿ ಬರದಿಂದ ಕ್ಯಾನ್‌ಬೆರಾ ಬಳಿಯ ಟಿಡ್‌ಬಿನ್‌ಬಿಲ್ಲಾದ ಕೊಳಗಳು ಬತ್ತತೊಡಗಿದಾಗ ಅಲ್ಲಿನ ಪ್ಲಾಟಿಪಸ್‌ಗಳು ಟರೋಂಗಾದಲ್ಲಿ ಆಶ್ರಯ ಪಡೆದವು. ಸಿಡ್ನಿಯ ದಕ್ಷಿಣಕ್ಕಿರುವ ರಾಯಲ್ ರಾಷ್ಟ್ರೀಯ ಉದ್ಯಾನದ ಹೊಳೆಯಲ್ಲಿ ದಶಕಗಳಿಂದ ಇವು ಕಾಣಿಸುತ್ತಿರಲಿಲ್ಲ. 2023ರಲ್ಲಿ ಬೇರೆಡೆಯ ಪ್ಲಾಟಿಪಸ್‌ಗಳನ್ನು ಮೊದಲು ಟರೋಂಗಾದಲ್ಲಿರಿಸಿ, ಆರೋಗ್ಯ ಪರೀಕ್ಷಿಸಿ, ಆ ಹೊಳೆಗೆ ಬಿಡಲಾಯಿತು.